ಎಗ್‌ಮೋರ್ತ್: ನಿಂತ ನೀರಿನ ಊರು

(ಸಂಘದ ಸಂಸ್ಥಾಪನಾ ದಿನಾಚರಣೆಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಡಾಕ್ಟ್ರೇ, ಈ ಸಲ ಕೊಲೆಸ್ಟರಾಲ್ ಬೇಡ, ಡಯಾಬಿಟಿಸ್ ಬೇಡ, ಊಟಕ್ಕೆ ಮುಂಚೆ ಹೋಳಿಗೆಯ ಮೇಲೆ ಜನರಿಗೆ ಜುಗುಪ್ಸೆ ಹುಟ್ಟಿಸಬೇಡಿ" ಎಂದರು. ಹಾಗಾದರೆ ಏನು ಮಾತಾಡಲಿ ಎಂದು ಕೇಳಿದಾಗ, "ಹೋದ ವರ್ಷ ಫ್ರಾನ್ಸಿಗೆ ಹೋಗಿದ್ದಿರಲ್ಲ, ಅದನ್ನೇ ಹೇಳಿ" ಎಂದರು. ನಾನು ಇತಿಹಾಸಕಾರನಲ್ಲ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್, ಈ ದೇಶಕ್ಕೆ ಬಂದು ರೆಸಿಡೆನ್ಸಿ, ಆಮೇಲೆ ಇಷ್ಟು ವರ್ಷ ಆಸ್ಪತ್ರೆ. ಇದಿಷ್ಟೇ ನನ್ನ ವಿದ್ಯೆ. ಆದ್ದರಿಂದ ತಪ್ಪಿದ್ದರೆ ತಿದ್ದಿ, ಹೆಚ್ಚಾದರೆ ಗಂಟೆ ಬಾರಿಸಿ.

ಹೋದ ವರ್ಷ ಮಾಂಪೆಲಿಯೇ ಎಂಬ ನಗರದಲ್ಲಿ ಒಂದು ವೈದ್ಯಕೀಯ ಸಮ್ಮೇಳನವಿತ್ತು. ಅಲ್ಲಿನ ವೈದ್ಯಶಾಲೆಗೆ 1220ರಲ್ಲಿ ನಿಯಮಾವಳಿ ಸಿಕ್ಕಿತು; ಅಂದಿನಿಂದ ಇಂದಿನವರೆಗೂ ಅದು ವೈದ್ಯರನ್ನು ತಯಾರಿಸುತ್ತಲೇ ಇದೆ. ಹೆಂಡತಿಗೆ ರಜೆ ಸಿಗದೆ, ಹದಿನೈದು ವರ್ಷದ ಮಗನನ್ನು ಮಾತ್ರ ಕರೆದುಕೊಂಡು ಹೋಗಿದ್ದೆ. ಅವನು ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಾನೆ. ಸಮ್ಮೇಳನದ ಕೊನೆಯ ದಿನದ ಭಾಷಣಗಳನ್ನು ತಪ್ಪಿಸಿ (ಇದನ್ನು ಸಂಚಿಕೆಯಲ್ಲಿ ಅಚ್ಚು ಮಾಡಬೇಡಿ ಎಂದು ಸಂಪಾದಕರಲ್ಲಿ ವಿನಂತಿ) ಒಂದು ಬಾಡಿಗೆ ಕಾರಿನಲ್ಲಿ ಸುಮಾರು 30 ಕಿಲೋಮೀಟರು ಪೂರ್ವಕ್ಕೆ ಹೋದೆವು. ಅಲ್ಲಿ ಸಿಕ್ಕಿದ ಊರೇ ಎಗ್‌ಮೋರ್ತ್. ಸುಮಾರು ಎಂಟೂವರೆ ಸಾವಿರ ಜನಸಂಖ್ಯೆ. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಷ್ಟು.

ಹೆಸರಿನಿಂದಲೇ ಶುರುಮಾಡೋಣ. ಲ್ಯಾಟಿನ್ನಿನ 'ಆಕ್ವೆ ಮಾರ್ಟುಯೆ', ಅಂದರೆ ಸತ್ತ ನೀರುಗಳು. ಹರಿಯದೆ ನಿಂತ ನೀರು ಎಂಬ ಅರ್ಥ. ಯಾವ ರಾಜ ತನ್ನ ಹೊಸ ಊರಿಗೆ ಇಂಥ ಹೆಸರನ್ನು ಉಳಿಸಿಕೊಂಡಾನು ಎಂದು ನನಗೂ ಅನ್ನಿಸಿತು. ಆದರೆ ಅಲ್ಲಿನ ನೆಲವನ್ನು ನೋಡಿದರೆ ಬೇರೆ ಹೆಸರು ಹೊಂದುವುದೇ ಇಲ್ಲ.

ರೋನ್ ನದಿ ಸ್ವಿಟ್ಜರ್ಲೆಂಡಿನ ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರವನ್ನು ಹಾದು, ಲಿಯೋನ್, ಅವಿನ್ಯೋನ್ ನಗರಗಳ ಪಕ್ಕದಲ್ಲಿ ಇಳಿದು, ಸುಮಾರು 810 ಕಿಲೋಮೀಟರು ಹರಿದು ಮೆಡಿಟರೇನಿಯನ್ ಸಮುದ್ರ ಸೇರುತ್ತದೆ. ಆರ್ಲ್ ಎಂಬ ಊರಿನ ಹತ್ತಿರ ಅದು ಎರಡಾಗಿ ಒಡೆಯುತ್ತದೆ: ದೊಡ್ಡ ರೋನ್, ಚಿಕ್ಕ ರೋನ್. ಎರಡರ ನಡುವಿನ ಮುಖಜಭೂಮಿಗೆ ಕಮಾರ್ಗ್ ಎಂದು ಹೆಸರು. ಬಿಳಿ ಕುದುರೆ, ಕಪ್ಪು ಗೂಳಿ, ಗುಲಾಬಿ ರಾಜಹಂಸಗಳ ನಾಡು ಅದು. ಚಿಕ್ಕ ರೋನಿನ ಪಶ್ಚಿಮಕ್ಕೆ ಇರುವುದು ಚಿಕ್ಕ ಕಮಾರ್ಗ್. ನಮ್ಮ ಊರು ಇರುವುದು ಅಲ್ಲಿ.

ಮೆಡಿಟರೇನಿಯನ್ನಿನಲ್ಲಿ ನಮ್ಮ ಅರಬ್ಬೀ ಸಮುದ್ರದ ಹಾಗೆ ದೊಡ್ಡ ಭರತ ಇಳಿತಗಳಿಲ್ಲ. ನದಿ ತಂದ ಮಣ್ಣನ್ನು ಸಮುದ್ರ ದೂರ ಒಯ್ಯುವುದಿಲ್ಲ. ದಡದ ಉದ್ದಕ್ಕೂ ಪಶ್ಚಿಮಕ್ಕೆ ಎಳೆದು, ಮರಳಿನ ಉದ್ದನೆಯ ದಿಬ್ಬಗಳನ್ನು ಕಟ್ಟುತ್ತದೆ. ದಿಬ್ಬದ ಹಿಂದೆ ನೀರು ಸಿಕ್ಕಿಬೀಳುತ್ತದೆ. ಅದೇ ಸತ್ತ ನೀರು. ಅಲ್ಲಲ್ಲಿ ದಿಬ್ಬ ಒಡೆದು ಸಮುದ್ರಕ್ಕೆ ಬಾಯಿ ಬಿಡುತ್ತದೆ. ಅದಕ್ಕೆ ಅಲ್ಲಿಯವರು 'ಗ್ರೋ' ಎನ್ನುತ್ತಾರೆ. ಕರಾವಳಿಯವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಅದು ನಮ್ಮ ಅಳಿವೆ. ಕುಮಟಾ ಕಡೆಯವನಾದ ನನಗೆ ಆ ಊರಿನಲ್ಲಿ ಮೊದಲು ಅರ್ಥವಾದ ಪದ ಅದೊಂದೇ.

ಇಂಥ ಜೌಗಿನಲ್ಲಿ ಮೊದಲು ಇದ್ದವರು ಬೆನೆಡಿಕ್ಟೈನ್ ಸನ್ಯಾಸಿಗಳು. ಪ್ಸಾಲ್ಮೊಡಿ ಎಂಬ ಅವರ ಮಠ ಹತ್ತಿರದಲ್ಲೇ ಇತ್ತು. ಮೀನುಗಾರರು, ಉಪ್ಪು ತೆಗೆಯುವವರು ಅವರ ಒಕ್ಕಲು. ಇವರ ನಡುವೆ 1240ರಲ್ಲಿ ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಬಂದು, ಈ ಜಾಗ ನನಗೆ ಬೇಕು, ಬದಲಿಗೆ ಬೇರೆ ಭೂಮಿ ಕೊಡುತ್ತೇನೆ ಎಂದ. ನಮ್ಮ ದೇಶದ ಮಿಸೂರಿಯ ಸೇಂಟ್ ಲೂಯಿಸ್ ನಗರಕ್ಕೆ ಇಟ್ಟಿರುವುದು ಇದೇ ರಾಜನ ಹೆಸರನ್ನು. ನಮ್ಮ ಸದಸ್ಯರಲ್ಲಿ ಕೆಲವರು ಆ ಊರಿನಲ್ಲಿ ಓದಿದ್ದೀರಿ. ನಿಮ್ಮ ಡಿಗ್ರಿಯ ಮೇಲಿನ ಹೆಸರು ಯಾರದ್ದೆಂದು ಇವತ್ತಾದರೂ ತಿಳಿಯಿತಲ್ಲ!

ರಾಜನಿಗೆ ಈ ಕೊಳಚೆ ಏಕೆ ಬೇಕಾಗಿತ್ತು? ಉತ್ತರ ಆ ಕಾಲದ ನಕ್ಷೆಯಲ್ಲಿದೆ. ಇವತ್ತಿನ ಫ್ರಾನ್ಸಿಗೆ ದಕ್ಷಿಣದಲ್ಲಿ ಉದ್ದನೆಯ ಸಮುದ್ರತೀರವಿದೆ. ಅಂದು ಹಾಗಿರಲಿಲ್ಲ. ರೋನ್ ನದಿಯ ಆಚೆಯ ಪ್ರೊವಾನ್ಸ್, ಮಾರ್ಸೇ ಬಂದರು, ರಾಜನ ನೇರ ಆಡಳಿತದಲ್ಲಿ ಇರಲಿಲ್ಲ. ಪಶ್ಚಿಮದ ಮಾಂಪೆಲಿಯೇ ಅರಗಾನಿನ ರಾಜನ ಕೈಯಲ್ಲಿತ್ತು. ನಡುವೆ 1229ರ ಒಪ್ಪಂದದಿಂದ ದಕ್ಕಿದ ಪ್ರದೇಶದಲ್ಲಿ ಕಡಲನ್ನು ಮುಟ್ಟಲು ಅವನಿಗೆ ಸಿಕ್ಕಿದ್ದು ಈ ಜೌಗು ಪಟ್ಟಿ. ಕೆಟ್ಟ ಜಾಗವಾದರೂ ಸ್ವಂತ ಜಾಗ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಹತ್ತು ವರ್ಷ ಇದ್ದು, ಕೊನೆಗೆ ಊರಾಚೆ ಒಂದು ಮನೆ ಕೊಂಡ ನಮಗೆಲ್ಲ ಈ ತರ್ಕ ಗೊತ್ತು.

1244ರ ಕೊನೆಯಲ್ಲಿ ಲೂಯಿಗೆ ಕಾಯಿಲೆ ಬಂದು ಸಾವಿನಂಚಿಗೆ ಹೋದ. ಬದುಕಿದರೆ ಧರ್ಮಯುದ್ಧಕ್ಕೆ ಹೋಗುತ್ತೇನೆಂದು ಹರಕೆ ಹೊತ್ತ. ಬದುಕಿದ. ಅಲ್ಲಿಂದ ಬಂದರಿನ ಕೆಲಸ ಚುರುಕಾಯಿತು. ಆದರೆ ರಾಜ ಆಜ್ಞೆ ಮಾಡಿದ ಮಾತ್ರಕ್ಕೆ ಜ್ವರದ ಜೌಗಿಗೆ ಯಾರು ಬಂದು ವಾಸ ಮಾಡುತ್ತಾರೆ? ಅದಕ್ಕಾಗಿ 1246ರಲ್ಲಿ ಅವನು ಒಂದು ಸನದು ಹೊರಡಿಸಿದ. ಇಲ್ಲಿಗೆ ಬಂದು ನೆಲೆಸುವವರಿಗೆ ತೆರಿಗೆ, ಸುಂಕಗಳಿಂದ ವಿನಾಯಿತಿ. ಊರನ್ನು ನೋಡಿಕೊಳ್ಳುವ ಕಾನ್ಸುಲರು ಊರಿನವರಿಂದಲೇ. ಅಂದರೆ, ಬಂದವರು ಹೊರಗಿನವರು, ಕರೆದದ್ದು ಸರ್ಕಾರ, ಕಾರಣ ಕೆಲಸ. ನನ್ನ ಪಾಸ್‌ಪೋರ್ಟಿನಲ್ಲಿದ್ದ ಮೊದಲ ವೀಸಾ ನನಗೆ ನೆನಪಾಯಿತು.

ಊರಿನ ಮೂಲೆಯಲ್ಲಿ ಕಾನ್‌ಸ್ಟಾನ್ಸ್ ಗೋಪುರವಿದೆ. 1240ರ ದಶಕದಲ್ಲಿ ಶುರುವಾಗಿ ಸುಮಾರು 1254ರ ಹೊತ್ತಿಗೆ ಮುಗಿಯಿತು. ನಮ್ಮ ಸೋಮನಾಥಪುರದ ಕೇಶವ ದೇವಾಲಯ 1258ರದು, ಹೆಚ್ಚುಕಡಿಮೆ ಸಮಕಾಲೀನ. ಆದರೆ ಅಲ್ಲಿಯ ಕುಸುರಿ ಇಲ್ಲಿಲ್ಲ. ಇದು ಬರೀ ಶಕ್ತಿ. 22 ಮೀಟರು ವ್ಯಾಸ, 30 ಮೀಟರಿಗೂ ಮಿಕ್ಕ ಎತ್ತರ, 6 ಮೀಟರು ದಪ್ಪದ ಗೋಡೆ. ಒಳಗೆ ನಡು ಬೇಸಿಗೆಯಲ್ಲೂ ತಣ್ಣಗೆ. ನೆತ್ತಿಯ ಮೇಲೆ ಒಂದು ಪುಟ್ಟ ದೀಪದ ಗೂಡು. ರಾತ್ರಿ ಹಡಗುಗಳಿಗೆ ಅದೇ ದಾರಿದೀಪ.

ಸಮುದ್ರ ಆಗ ಗೋಡೆಯ ಬುಡಕ್ಕೇ ಬರುತ್ತಿತ್ತು, ಈಗ ಹಿಂದೆ ಸರಿದಿದೆ ಎಂಬ ಕಥೆಯೊಂದಿದೆ. ಅದು ಸರಿಯಲ್ಲ. ಆಗಲೂ ಊರು ಸಮುದ್ರದಿಂದ ದೂರವೇ ಇತ್ತು. ಹಿನ್ನೀರನ್ನು ತೋಡಿದ ಕಾಲುವೆಯ ಮೂಲಕ ಸಮುದ್ರಕ್ಕೆ ಜೋಡಿಸಿದ್ದರು. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕುತ್ತಿದ್ದವು, ಜನ ಮತ್ತು ಸಾಮಾನು ಸಣ್ಣ ದೋಣಿಗಳಲ್ಲಿ ಹೋಗಿಬರುತ್ತಿದ್ದವು. ನೆಲದ ಕಡೆಯಿಂದಲೂ ಊರಿಗೆ ಒಂದೇ ದಾರಿ: ಜೌಗಿನ ನಡುವಿನ ಏರಿ. ಅದರ ಮೇಲೆ ಕಾರ್ಬೊನಿಯೇರ್ ಎಂಬ ಕಾವಲು ಗೋಪುರ ಈಗಲೂ ನಿಂತಿದೆ. ಅದರ ಹೊಟ್ಟೆಯೊಳಗಿಂದಲೇ ದಾರಿ. ಸುಂಕ ಕೊಟ್ಟು ಹೋಗಬೇಕಾಗಿತ್ತು. ಅವರ ಟೋಲ್ ಪ್ಲಾಜಾ!

1248ರ ಆಗಸ್ಟಿನಲ್ಲಿ ರಾಜ, ರಾಣಿ ಮಾರ್ಗರೀತ್, ಸೈನ್ಯ ಇಲ್ಲಿಂದ ಹೊರಟರು. ಹಡಗುಗಳು ಬಹುಮಟ್ಟಿಗೆ ಜಿನೋವಾ ಮತ್ತು ಮಾರ್ಸೇಯಿಂದ ತಂದವು. ಸೈಪ್ರಸ್ ದ್ವೀಪದಲ್ಲಿ ಚಳಿಗಾಲ ಕಳೆದು, 1249ರ ಜೂನಿನಲ್ಲಿ ಈಜಿಪ್ಟಿನ ದಮಿಯೆಟ್ಟಾ ಹಿಡಿದರು. ಆಮೇಲೆ ನಡೆದದ್ದನ್ನು ನಾನು ವೈದ್ಯನಾಗಿ ಓದಿದೆ. ರಾಜನ ಜೊತೆಗಿದ್ದ ಜ್ವಾನ್‌ವಿಲ್ ಎಂಬ ಸರದಾರ ಮುದುಕನಾದ ಮೇಲೆ ತನ್ನ ನೆನಪುಗಳನ್ನು ಬರೆಸಿದ್ದಾನೆ. 1250ರಲ್ಲಿ ನೈಲ್ ನದಿಯ ತೀರದ ಶಿಬಿರದಲ್ಲಿ ಸೈನ್ಯಕ್ಕೆ ಒಂದು ರೋಗ ಬಂತು: ಕಾಲಿನ ಮಾಂಸ ಒಣಗಿತು, ಚರ್ಮದ ಮೇಲೆ ಕಪ್ಪು ಕಲೆಗಳು, ಒಸಡು ಕೊಳೆತು ಊದಿಕೊಂಡಿತು. ಅನ್ನ ನುಂಗಲಾಗದ ಸೈನಿಕರ ಒಸಡಿನ ಸತ್ತ ಮಾಂಸವನ್ನು ಕ್ಷೌರಿಕರು ಕೊಯ್ದು ತೆಗೆಯಬೇಕಾಯಿತು. ಹೆರಿಗೆಯ ಹೆಂಗಸರ ಹಾಗೆ ಅವರು ಕೂಗುತ್ತಿದ್ದರಂತೆ. ಇಲ್ಲಿರುವ ವೈದ್ಯ ಮಿತ್ರರು ಈಗಾಗಲೇ ರೋಗದ ಹೆಸರು ಹೇಳಿರುತ್ತೀರಿ. ಸ್ಕರ್ವಿ. ವಿಟಮಿನ್ 'ಸಿ'ಯ ಕೊರತೆ. ನಿಂಬೆಹಣ್ಣು ಬೆಳೆಯುವ ನಾಡಿನಲ್ಲಿ ನಿಂಬೆಹಣ್ಣಿನ ಬೆಲೆ ತಿಳಿಯದೆ ಸತ್ತರು. ಇನ್ನೂ ವಿಶೇಷವೆಂದರೆ, 2019ರಲ್ಲಿ ಫ್ರೆಂಚ್ ತಜ್ಞರು ಪ್ಯಾರಿಸಿನಲ್ಲಿ ಕಾಪಾಡಿರುವ ಲೂಯಿಯ ದವಡೆಯನ್ನು ಪರೀಕ್ಷಿಸಿ, ರಾಜನಿಗೂ ಸ್ಕರ್ವಿಯ ಲಕ್ಷಣಗಳಿದ್ದವು ಎಂದು ಪ್ರಕಟಿಸಿದರು. ಸುಮಾರು 750 ವರ್ಷಗಳ ಮೇಲೆ ಬಂದ ಡಯಾಗ್ನೊಸಿಸ್! ನಮ್ಮ ಇನ್ಶೂರೆನ್ಸ್ ಕಂಪನಿಗಳು ಇಷ್ಟು ತಡಮಾಡುವುದಿಲ್ಲ, ಸ್ವಲ್ಪ ಬೇಗ.

ಭೇದಿಯಿಂದ ನಿಲ್ಲಲಾರದ ರಾಜ ಆ ವಸಂತದಲ್ಲಿ ಸೆರೆಸಿಕ್ಕ. ಅದೇ ದಿನಗಳಲ್ಲಿ ದಮಿಯೆಟ್ಟಾದಲ್ಲಿ ರಾಣಿ ಒಂದು ಗಂಡುಮಗು ಹೆತ್ತಳು. ದುಃಖದ ಕಾಲದಲ್ಲಿ ಹುಟ್ಟಿದವನೆಂದು ಅವನಿಗೆ ಝಾನ್ ತ್ರಿಸ್ತಾನ್ ಎಂದು ಹೆಸರಿಟ್ಟರು. ಭಾರಿ ಮೊತ್ತದ ಒತ್ತೆಹಣ ಗೊತ್ತುಮಾಡಿ, ಅದರ ಅರ್ಧ ಕೊಟ್ಟು ರಾಜ ಬಿಡುಗಡೆಯಾದ. 1254ರಲ್ಲಿ ದೇಶಕ್ಕೆ ಮರಳಿದ. ಅಷ್ಟಕ್ಕೇ ಸುಮ್ಮನಾಗಲಿಲ್ಲ. 1270ರ ಜುಲೈ ಆರಂಭದಲ್ಲಿ ಮತ್ತೆ ಇದೇ ಊರಿನಿಂದ ಹೊರಟ, ಈ ಸಲ ಟ್ಯುನಿಸಿಗೆ. ಬೇಸಿಗೆಯ ಶಿಬಿರ, ಕೆಟ್ಟ ನೀರು. ಆಗಸ್ಟ್ ಮೊದಲ ವಾರದಲ್ಲಿ, ಇಪ್ಪತ್ತು ವರ್ಷದ ಝಾನ್ ತ್ರಿಸ್ತಾನ್ ಸತ್ತ. ಆಗಸ್ಟ್ 25ರಂದು ತಂದೆ. 1297ರಲ್ಲಿ ಚರ್ಚು ಲೂಯಿಯನ್ನು ಸಂತನೆಂದು ಘೋಷಿಸಿತು. ಬಡವರಿಗೆ ಉಣಬಡಿಸಿದ, ನ್ಯಾಯವಂತ ಎಂದು ಹೊಗಳಿಕೆ. ನಿಜವಿರಬಹುದು. ಆದರೆ ತನ್ನ ರಾಜ್ಯದ ಯಹೂದಿಗಳು ಬಟ್ಟೆಯ ಮೇಲೆ ಗುರುತು ಧರಿಸಬೇಕೆಂದು 1269ರಲ್ಲಿ ಆಜ್ಞೆ ಮಾಡಿದವನೂ ಅವನೇ. ಊರಿನ ಚೌಕದಲ್ಲಿ ನಿಂತಿರುವ ಅವನ ಪ್ರತಿಮೆಗೆ ನಮಸ್ಕರಿಸಬೇಕೋ ಬೇಡವೋ ನನಗೆ ತೋಚಲಿಲ್ಲ. ಪಕ್ಕದಲ್ಲಿ ಕೂತು ಕಾಫಿ ಕುಡಿದೆವು.

ಲೂಯಿ ಇದ್ದಾಗ ಊರಿಗೆ ಗೋಡೆಯೇ ಇರಲಿಲ್ಲ. ಮಗ ಮೂರನೇ ಫಿಲಿಪ್ 1272ರಲ್ಲಿ ಜಿನೋವಾದ ಬೊಕ್ಕನೆಗ್ರ ಎಂಬ ಉದ್ಯಮಿಯ ಜೊತೆ ಕರಾರು ಮಾಡಿಕೊಂಡ: ನೀನು ಹಣ ಹಾಕು, ಬಂದರಿನ ಆದಾಯದಲ್ಲಿ ಪಾಲು ತೆಗೆದುಕೋ. ಇವತ್ತು ಪಬ್ಲಿಕ್-ಪ್ರೈವೇಟ್ ಪಾರ್ಟ್‌ನರ್‌ಶಿಪ್ ಎಂದು ಹೇಳುವುದು ಅದನ್ನೇ. ಬೊಕ್ಕನೆಗ್ರ ಒಂದೆರಡು ವರ್ಷದಲ್ಲೇ ತೀರಿಕೊಂಡ. ಕೆಲಸ ಮುಗಿದದ್ದು ಮೊಮ್ಮಗ ನಾಲ್ಕನೇ ಫಿಲಿಪ್ಪನ ಕಾಲದಲ್ಲಿ. 11 ಮೀಟರು ಎತ್ತರದ, 1,634 ಮೀಟರು ಸುತ್ತಳತೆಯ ಆ ಕೋಟೆ ಇವತ್ತಿಗೂ ಒಂದು ಕಡೆಯೂ ತುಂಡಾಗದೆ ನಿಂತಿದೆ. ಅದರ ಮೇಲೆ ನಾವು ಪೂರ್ತಿ ಒಂದು ಸುತ್ತು ನಡೆದೆವು. ಒಳಗೆ ಚದುರಂಗದ ಮನೆಗಳ ಹಾಗೆ ನೇರ ಬೀದಿಗಳು. ಯೋಜನೆ ಹಾಕಿ ಕಟ್ಟಿದ ಊರು ಎಂದು ಮೇಲಿನಿಂದ ನೋಡಿದರೇ ಗೊತ್ತಾಗುತ್ತದೆ.

ಅದೇ ನಾಲ್ಕನೇ ಫಿಲಿಪ್ 1307ರಲ್ಲಿ ಟೆಂಪ್ಲರ್ ಪಂಥದವರನ್ನು ಬಂಧಿಸಿದಾಗ ಕೆಲವರನ್ನು ತಂದು ಇದೇ ಕಾನ್‌ಸ್ಟಾನ್ಸ್ ಗೋಪುರದಲ್ಲಿ ಕೂಡಿಹಾಕಿದರು. ಅಜ್ಜ ಧರ್ಮಯೋಧರನ್ನು ಕಳಿಸಿದ ಊರಿನಲ್ಲಿ ಮೊಮ್ಮಗ ಧರ್ಮಯೋಧರನ್ನು ಸೆರೆಯಿಟ್ಟ. ಮುಂದೆ ನೂರು ವರ್ಷಗಳ ಯುದ್ಧದಲ್ಲಿ ಬರ್ಗಂಡಿ ಪಕ್ಷದವರು ಊರನ್ನು ಹಿಡಿದುಕೊಂಡಿದ್ದರು. 1421ರಲ್ಲಿ ಎದುರು ಪಕ್ಷ ಅವರನ್ನು ಕೊಂದು ಊರನ್ನು ಮರಳಿ ಪಡೆಯಿತು. ಹೆಣಗಳನ್ನು ಹೂಳಲು ಪುರಸೊತ್ತಿಲ್ಲದೆ, ಕೊಳೆಯದಿರಲೆಂದು ಒಂದು ಗೋಪುರದಲ್ಲಿ ಉಪ್ಪು ಹಾಕಿ ಪೇರಿಸಿದರು ಎಂದು ಐತಿಹ್ಯ. ಬರ್ಗಂಡಿಯವರ ಗೋಪುರ ಎಂಬ ಹೆಸರು ಇನ್ನೂ ಇದೆ. ಮಾವಿನಮಿಡಿ ಉಪ್ಪಿನಕಾಯಿ ಹಾಕುವ ತಾಯಂದಿರು ಕ್ಷಮಿಸಬೇಕು.

ಉಪ್ಪು ಆ ಊರಿನ ನಿಜವಾದ ದೊರೆ. ರಾಜರು ಬಂದರು, ಹೋದರು, ಉಪ್ಪು ಹೋಗಲಿಲ್ಲ. ವಸಂತದಲ್ಲಿ ಸಮುದ್ರದ ನೀರನ್ನು ಒಳಗೆ ಬಿಡುತ್ತಾರೆ. ಅದು ಪಾತಿಯಿಂದ ಪಾತಿಗೆ ಸಾಗುತ್ತ, ಬಿಸಿಲು ಮತ್ತು 'ಮಿಸ್ತ್ರಾಲ್' ಎಂಬ ಉತ್ತರದ ಒಣಗಾಳಿಗೆ ಗಟ್ಟಿಯಾಗುತ್ತದೆ. ಲೀಟರಿಗೆ 35-38 ಗ್ರಾಂ ಇದ್ದ ಉಪ್ಪು ಸುಮಾರು 260 ಗ್ರಾಂ ಮುಟ್ಟಿದಾಗ ಹರಳು ಕಟ್ಟುತ್ತದೆ. ಬೇಸಿಗೆಯ ಕೊನೆಗೆ ಕೊಯ್ಲು. ಆ ಪಾತಿಗಳ ನೀರು ಗುಲಾಬಿ ಬಣ್ಣ. ಡುನಾಲಿಯೆಲ್ಲಾ ಎಂಬ ಸೂಕ್ಷ್ಮ ಪಾಚಿ ಕಾರಣ. ಕ್ಯಾರಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ನೇ ಅದರಲ್ಲೂ ಇರುವುದು. ಪಾಚಿಯನ್ನು ಸಣ್ಣ ಸಿಗಡಿ ತಿನ್ನುತ್ತದೆ, ಸಿಗಡಿಯನ್ನು ರಾಜಹಂಸ ತಿಂದು ತಾನೂ ಗುಲಾಬಿಯಾಗುತ್ತದೆ. ಉಪ್ಪಿನ ಮೇಲಿನ ತೆರಿಗೆ 'ಗಾಬೆಲ್' ಫ್ರಾನ್ಸಿನ ಜನರನ್ನು ಶತಮಾನಗಳ ಕಾಲ ಹಿಂಡಿ, ಕ್ರಾಂತಿಯ ನಂತರ 1790ರಲ್ಲಿ ರದ್ದಾಯಿತು. ಉಪ್ಪಿನ ತೆರಿಗೆಯ ಕಥೆಯನ್ನು ಭಾರತೀಯರಿಗೆ ಬಿಡಿಸಿ ಹೇಳಬೇಕೆ?

ಇದೇ ಉಪ್ಪಿನ ಗದ್ದೆಯಲ್ಲಿ ಒಂದು ಕೆಟ್ಟ ಘಟನೆಯೂ ನಡೆದಿದೆ. ಮಧ್ಯಯುಗದ್ದಲ್ಲ, ಆದರೂ ಹೇಳದೆ ಹೋಗಲಾರೆ. 1893ರ ಆಗಸ್ಟ್ 16, 17ರಂದು ಉಪ್ಪಿನ ಕೊಯ್ಲಿಗೆ ಬಂದ ಇಟಲಿಯ ಕೂಲಿಗಳ ಮೇಲೆ ಸ್ಥಳೀಯರೂ ಇತರ ಫ್ರೆಂಚ್ ಕೂಲಿಗಳೂ ಬಿದ್ದು ಹೊಡೆದರು. ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಎಂಬ ಸಿಟ್ಟು. ಸರ್ಕಾರಿ ಲೆಕ್ಕದಲ್ಲೇ 8 ಜನ ಸತ್ತರು. ವಿಚಾರಣೆಯಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. ಹೊರಗಿನವರನ್ನು ಕರೆದು ಕಟ್ಟಿದ ಊರು ಅದು. ಜಿನೋವಾದವನ ಹಣದಿಂದ ಗೋಡೆ ಶುರುವಾದ ಊರು. ನಾವು ಹೊರಗಿನವರಾಗಿ ಬದುಕುವವರು ಇದನ್ನು ನೆನಪಿಟ್ಟುಕೊಂಡಿರಬೇಕು. ಹೆದರಿಕೊಳ್ಳಲು ಅಲ್ಲ, ನಮ್ಮ ಹಿಂದೆ ಬರುವ ಇನ್ನೊಬ್ಬರನ್ನು ಕಂಡಾಗ ನಾವು ಏನು ಮಾತಾಡುತ್ತೇವೆ ಎಂದು ನೋಡಿಕೊಳ್ಳಲು.

ಈಗ ಬಂದರಿನ ಕಥೆ ಮುಗಿಸುತ್ತೇನೆ. ಬಂದರು ಸತ್ತದ್ದು ಹೇಗೆ? ಶತ್ರುವಿನಿಂದಲ್ಲ. ಕೋಟೆಯ ಗೋಡೆ ಬೀಳಲೇ ಇಲ್ಲ. ಬಂದರನ್ನು ಕೊಂದದ್ದು ಹೂಳು. ರೋನ್ ಪ್ರತಿ ವರ್ಷ ಮಣ್ಣು ತಂದಿತು, ಸಮುದ್ರ ಅದನ್ನು ಕಾಲುವೆಯ ಬಾಯಿಗೆ ತಳ್ಳಿತು. ಎತ್ತುವವರಿದ್ದಷ್ಟು ಕಾಲ ಹಡಗುಗಳು ಬಂದವು. 1481ರಲ್ಲಿ ಪ್ರೊವಾನ್ಸ್ ಪ್ರಾಂತ, ಅದರ ಜೊತೆ ಮಾರ್ಸೇ ಬಂದರು, ಫ್ರಾನ್ಸಿನ ರಾಜನ ಪಾಲಾಯಿತು. ಒಳ್ಳೆಯ ಬಂದರು ಕೈಗೆ ಬಂದ ಮೇಲೆ ಕಷ್ಟದ ಬಂದರಿನ ಹೂಳೆತ್ತುವವರು ಯಾರು? ಇವತ್ತು ಸಮುದ್ರಕ್ಕೆ ಆರು ಕಿಲೋಮೀಟರು. ಕಾಲುವೆಯಲ್ಲಿ ಪ್ರವಾಸಿಗರ ದೋಣಿಗಳು.

ಇಲ್ಲಿ ನನ್ನ ಸ್ವಂತ ವಿಷಯ ಸ್ವಲ್ಪ ಹೇಳುವುದಕ್ಕೆ ಅನುಮತಿ ಬೇಡುತ್ತೇನೆ. ಮಗ ಚಿಕ್ಕವನಿದ್ದಾಗ ಶಾಲೆಯೊಂದರಲ್ಲಿ ಟೀಚರು, ಮಗು ಮಾತಾಡುವುದು ತಡ, ಮನೆಯಲ್ಲಿ ಒಂದೇ ಭಾಷೆ ಆಡಿ ಎಂದರು. ಎರಡು ಭಾಷೆಯಿಂದ ಮಗುವಿನ ಮಾತಿಗೆ ತೊಂದರೆಯಿಲ್ಲವೆಂದು ವೈದ್ಯನಾದ ನನಗೆ ಗೊತ್ತಿರಬೇಕಿತ್ತು. ಆದರೆ ಆಗ ರಾತ್ರಿ ಪಾಳಿ, ದಣಿವು, ಹೆದರಿಕೆ. ಇಂಗ್ಲಿಷ್ ಸುಲಭವಾಗಿತ್ತು. ಬಿಟ್ಟುಬಿಟ್ಟೆವು. ಯಾರೂ ನಮ್ಮಿಂದ ಕನ್ನಡವನ್ನು ಕಿತ್ತುಕೊಳ್ಳಲಿಲ್ಲ. ಈಗ ಕುಮಟಾದಿಂದ ನನ್ನ ತಾಯಿ ಫೋನ್ ಮಾಡಿದರೆ ಅಜ್ಜಿಗೂ ಮೊಮ್ಮಗನಿಗೂ ನಡುವೆ ನಾನೇ ದುಭಾಷಿ. ಅವರ ಮಾತಿನಲ್ಲಿ ಅರ್ಧ ನಾನು ಹೇಳುವುದೇ ಇಲ್ಲ, ಸಮಯವಿಲ್ಲವೆಂದು.

ಆ ದಿನ ಕಾನ್‌ಸ್ಟಾನ್ಸ್ ಗೋಪುರದ ಮೇಲಂತಸ್ತಿನಲ್ಲಿ ಒಂದು ಕಲ್ಲು ನೋಡಿದೆವು. 18ನೇ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಹೆಂಗಸರನ್ನು ಅಲ್ಲಿ ಸೆರೆಯಿಟ್ಟಿದ್ದರು. ಮರೀ ದ್ಯುರಾನ್ ಎಂಬವಳು 1730ರಲ್ಲಿ ಒಳಗೆ ಹೋದಾಗ ವಯಸ್ಸು 19. ಹೊರಗೆ ಬಂದದ್ದು 1768ರಲ್ಲಿ. ಮೂವತ್ತೆಂಟು ವರ್ಷ. ಅಪರಾಧವೆಂದರೆ ಅಣ್ಣ ಪಾದ್ರಿಯಾಗಿದ್ದದ್ದು, ತನ್ನ ಮತ ಬಿಡದಿದ್ದದ್ದು. ಕಲ್ಲಿನ ಮೇಲೆ 'ಎದುರಿಸಿ ನಿಲ್ಲು' ಎಂಬ ಅರ್ಥದ ಒಂದೇ ಪದ ಕೆತ್ತಿದೆ. ಅವಳೇ ಕೆತ್ತಿದ್ದೆಂದು ನಂಬಿಕೆ. ಮಗ ಓದಿ, "ಅಪ್ಪಾ, ಸ್ಪೆಲಿಂಗ್ ತಪ್ಪಿದೆ" ಎಂದ. ಹೌದು, ಇಂದಿನ ಫ್ರೆಂಚ್ ಕಾಗುಣಿತ ಅದಲ್ಲ. ಆದರೂ ದಿನವೂ ಜನ ಬಂದು ಓದುತ್ತಾರೆ.

ಗೋಡೆಯ ದಕ್ಷಿಣದ ಬದಿಗೆ ಬಂದಾಗ ಗುಲಾಬಿ ನೀರು, ಅದರಾಚೆ ಬೆಟ್ಟದ ಹಾಗೆ ಉಪ್ಪಿನ ರಾಶಿ. ನಮ್ಮ ತಾಯಿ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತ ಬೆಳೆದವರು. ನಾನು ಏನೂ ಹೇಳಿರಲಿಲ್ಲ. ಮಗನೇ ಫೋನ್ ತೆಗೆದು ವಿಡಿಯೋದಲ್ಲಿ ಅಜ್ಜಿಯನ್ನು ಕರೆದ. ಫೋನನ್ನು ಆ ಕಡೆ ಹಿಡಿದು, "ಅಜ್ಜಿ, ನೀರು ಪಿಂಕು. ಉಪ್ಪು ಬಿಳಿ. ತುಂಬಾ ಉಪ್ಪು ಉಂಟು" ಎಂದ. 'ಉಂಟು' ಎಂಬುದು ಅಜ್ಜಿಯ ಮಾತು, ನನ್ನದಲ್ಲ. ನನ್ನ ತಾಯಿ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಸಾಣಿಕಟ್ಟೆಯ ಉಪ್ಪಿನ ಬಗ್ಗೆ ಹೇಳತೊಡಗಿದರು. ಹತ್ತು ನಿಮಿಷ ಹೇಳಿದರು. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನಾನು ಬಾಯಿ ಹಾಕಲಿಲ್ಲ.

ಬಂಧುಗಳೇ, ನಮ್ಮ ಸಂಘ ಭಾನುವಾರ ಬೆಳಿಗ್ಗೆ ಕನ್ನಡ ತರಗತಿ ನಡೆಸುತ್ತದೆ. ನಡೆಸುವ ತಾಯಂದಿರು ಇಲ್ಲೇ ಕೂತಿದ್ದಾರೆ. ಮಕ್ಕಳು ಕಡಿಮೆ, ಸಾಕರ್ ಇದೆ, ಪಿಯಾನೋ ಇದೆ, ನಿದ್ದೆ ಇದೆ. ಹಿಂದೆ ನಾನೂ ಇದೇ ಕಾರಣಗಳನ್ನು ಹೇಳಿದವನು, ಆದ್ದರಿಂದ ಯಾರಿಗೂ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಮುಂದಿನ ತಿಂಗಳಿಂದ ನಾನೂ ಮಗನೂ ಬರುತ್ತೇವೆ. ಅವನು ಅ ಆ ಇ ಈ ಕಲಿಯುವ ಬೆಂಚಿನಲ್ಲಿ, ಐದಾರು ವರ್ಷದ ಮಕ್ಕಳ ನಡುವೆ ಕೂರಬೇಕಾಗುತ್ತದೆ. ಒಪ್ಪಿಕೊಂಡಿದ್ದಾನೆ. ಅವನ ಕಾಗುಣಿತ ತಪ್ಪಿದರೆ ದಯವಿಟ್ಟು ಯಾರೂ ನಗಬೇಡಿ.

ಊಟ ಸಿದ್ಧವಾಗಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಹೋಳಿಗೆಯ ಬಗ್ಗೆ ನಾನು ಏನೂ ಹೇಳಿಲ್ಲ. ಆದರೆ ಮಜ್ಜಿಗೆಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿಕೊಳ್ಳಿ, ಬಿ.ಪಿ. ಇರುವವರು.